ಮಾರ್ಪಾಡು ಮಾಡಿದ 1991 ಮಸ್ಟ್ಯಾಂಗ್ ಜಿಟಿ ಮಾರಬೇಕು: ಹಳೇ ಪಾರ್ಟ್ಸ್ ವಾಪಸ್ ಹಾಕಬೇಕಾ, ಹೀಗೇ ಕೊಡಬೇಕಾ?

ಫ್ರೀಮಾಂಟ್_ಫಾಕ್ಸ್:

ಎಲ್ಲರಿಗೂ ನಮಸ್ಕಾರ. ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಒಂದು ಫಾಕ್ಸ್‌ಬಾಡಿ (ಫೋರ್ಡ್‌ನ ಹಳೇ ಫಾಕ್ಸ್ ಪ್ಲಾಟ್‌ಫಾರ್ಮ್‌ನ ಮಸ್ಟ್ಯಾಂಗ್) ಮಾರಾಟಕ್ಕಿಡಬೇಕು. 1991ರ ಮಸ್ಟ್ಯಾಂಗ್ ಜಿಟಿ, ಹ್ಯಾಚ್‌ಬ್ಯಾಕ್, 5.0 (5 ಲೀಟರ್ ವಿ8 ಎಂಜಿನ್), ಟಿ-5 ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಯಾಲಿಫೋರ್ನಿಯಾ ಟೈಟಲ್ (ಒಡೆತನದ ಪತ್ರ), ಕ್ಲೀನ್, ಸಾಲ ಇಲ್ಲ.

ಎಂಜಿನ್ 0.030 ಇಂಚು ಬೋರ್ ಆಗಿ ಪೂರ್ತಿ ರೀಬಿಲ್ಡ್ ಆಗಿದೆ. ಇ303 ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಫೋರ್ಡ್ ಎಕ್ಸ್‌ಪ್ಲೋರರ್‌ನ ಜಿಟಿ-40 ಇಂಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಭಾಗ), 24 ಪೌಂಡ್ ಇಂಜೆಕ್ಟರ್ (ಗಂಟೆಗೆ ಅಷ್ಟು ಪೆಟ್ರೋಲ್ ಬಿಡುವಂಥದ್ದು), ಅವಕ್ಕೆ ಕ್ಯಾಲಿಬ್ರೇಟ್ ಆದ ಮಾಸ್ ಏರ್ ಮೀಟರ್ (ಒಳಬರುವ ಗಾಳಿ ಅಳೆಯುವುದು), ಶಾರ್ಟಿ ಹೆಡರ್ (ಗಿಡ್ಡ ಎಕ್ಸಾಸ್ಟ್ ಪೈಪ್‌ಗಳು), ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ‘ಕ್ಯಾಟ್’) ಇಲ್ಲದ ಎಚ್-ಪೈಪ್ (ಎರಡೂ ಬದಿಯ ಎಕ್ಸಾಸ್ಟ್ ಸೇರಿಸುವ ಪೈಪ್). ಹಿಂದಿನ ಆಕ್ಸಲ್‌ನಲ್ಲಿ 2.73 ಅನುಪಾತದ್ದು ತೆಗೆದು 3.73 ಗೇರ್. ವೀಲ್ ಹಬ್ ನಾಲ್ಕು ಬೋಲ್ಟ್‌ನಿಂದ ಐದು ಬೋಲ್ಟ್‌ಗೆ ಬದಲಾಗಿದೆ, ಮುಂದೆ 13 ಇಂಚಿನ ಕೋಬ್ರಾ ಬ್ರೇಕ್, 17 ಇಂಚಿನ ವೀಲ್. ಸಬ್‌ಫ್ರೇಮ್ ಕನೆಕ್ಟರ್ (ಮುಂದಿನ, ಹಿಂದಿನ ಫ್ರೇಮ್ ಜೋಡಿಸುವ ಕಂಬಿ) ವೆಲ್ಡ್ ಆಗಿವೆ. ಬಣ್ಣ ಮೂಲದ್ದೇ, ಆದರೆ ಇಡೀ ಗಾಡಿಗೆ ಹೊಸದಾಗಿ ಹೊಡೆದದ್ದು.

ಗ್ಯಾರೇಜಿನಲ್ಲಿರುವ ಮೂಲ ಸಾಮಾನು: 16 ಇಂಚಿನ ಪೋನಿ ವೀಲ್ ನಾಲ್ಕು, ಹಳೇ ಎಚ್-ಪೈಪ್, ಇಂಟೇಕ್, ಏರ್‌ಬಾಕ್ಸ್, 19 ಪೌಂಡ್ ಇಂಜೆಕ್ಟರ್, ಹಳೇ ಮಾಸ್ ಏರ್ ಮೀಟರ್.

ಯಾವುದನ್ನು ವಾಪಸ್ ಹಾಕಿದರೆ ಬೆಲೆ ಬರುತ್ತೆ? ಸ್ಮಾಗ್ (ಹೊಗೆ ತಪಾಸಣೆ) ಹೇಗೆ? ಎಲ್ಲಿ ಮಾರುವುದು ಒಳ್ಳೆಯದು?

ಎಂಟು_ಪಾಯಿಂಟ್_ಎಂಟು:

ಒಳ್ಳೇ ಗಾಡಿ ಸರ್. 1991ರಲ್ಲೇ ಜಿಟಿಗೆ ಆ 16 ಇಂಚಿನ ಪೋನಿ ವೀಲ್ ಬಂದದ್ದು, ಹಾಗಾಗಿ ಹುಡುಕುವವರಿಗೆ ಅದರ ಮೇಲೆ ಕಣ್ಣಿರುತ್ತದೆ. ಆದರೆ ಒಂದು ಮಾತು. ಪೋನಿ ವೀಲ್‌ಗೆ ನಾಲ್ಕು ಬೋಲ್ಟ್, ನಿಮ್ಮ ಹಬ್‌ಗೆ ಈಗ ಐದು. ಹಳೇ ಸ್ಪಿಂಡಲ್, ರೋಟರ್, ಕ್ಯಾಲಿಪರ್, ಹಿಂದಿನ ಆಕ್ಸಲ್ ಶಾಫ್ಟ್, ಡ್ರಮ್ ಇವೆಲ್ಲ ಇಲ್ಲದಿದ್ದರೆ ಆ ವೀಲ್ ಗಾಡಿಗೆ ಕೂರುವುದೇ ಇಲ್ಲ. ‘ಮೂಲ ವೀಲ್ ಜೊತೆಗಿದೆ’ ಎಂದಷ್ಟೇ ಬರೆದರೆ ಕೊಳ್ಳುವವರು ಎರಡು ಗಂಟೆಯ ಕೆಲಸ ಅಂದುಕೊಂಡು ಬರುತ್ತಾರೆ, ಆಮೇಲೆ ಜಗಳ. ‘ಈಗಿನ ಹಬ್‌ಗೆ ಹೊಂದುವುದಿಲ್ಲ’ ಎಂದು ಅದೇ ಸಾಲಿನಲ್ಲಿ ಬರೆಯಿರಿ. ಬ್ರೇಕ್ ಮಾತ್ರ ವಾಪಸ್ ಬದಲಿಸಲು ಹೋಗಬೇಡಿ. ಮೂಲ ಬ್ರೇಕ್ ಈ ಗಾಡಿಯ ಅತ್ಯಂತ ದುರ್ಬಲ ಭಾಗ, 13 ಇಂಚಿನದನ್ನು ಎಲ್ಲರೂ ಇಷ್ಟಪಡುತ್ತಾರೆ.

ಇಂಜೆಕ್ಟರ್ ಮತ್ತು ಮಾಸ್ ಏರ್ ಮೀಟರ್ ಒಂದು ಜೋಡಿ. ಮ್ಯಾನ್ಯುಯಲ್ ಗೇರಿನ 5.0ಗೆ ಬರುವ ಎ9ಎಲ್ ಕಂಪ್ಯೂಟರ್ 19 ಪೌಂಡ್ ಇಂಜೆಕ್ಟರ್ ಇದೆ ಎಂದೇ ಲೆಕ್ಕ ಹಾಕುತ್ತದೆ. ಕ್ಯಾಲಿಬ್ರೇಟ್ ಆದ ಮೀಟರ್ ಗಾಳಿಯನ್ನು ಕಡಿಮೆ ತೋರಿಸಿ ಅದನ್ನು ಸರಿದೂಗಿಸುತ್ತದೆ. ಯಾರಾದರೂ ಬರೀ ಹಳೇ ಮೀಟರ್ ಹಾಕಿ 24 ಪೌಂಡ್ ಇಂಜೆಕ್ಟರ್ ಹಾಗೇ ಬಿಟ್ಟರೆ ಪೆಟ್ರೋಲ್ ಸುಮಾರು 26 ಶೇಕಡಾ ಜಾಸ್ತಿ ಸುರಿಯುತ್ತದೆ: ಪ್ಲಗ್ ಕಪ್ಪಾಗುತ್ತದೆ, ಕ್ಯಾಟ್ ಸುಡುತ್ತದೆ. ಬದಲಿಸಿದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಳೇ ಜೋಡಿಯನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿ ಚೀಟಿ ಅಂಟಿಸಿ ಕೊಡಿ.

ಸಬ್‌ಫ್ರೇಮ್ ಕನೆಕ್ಟರ್ ಬೆಲೆ ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ವೆಲ್ಡ್ ಚೆನ್ನಾಗಿರಬೇಕು ಅಷ್ಟೆ. ಈ ಗಾಡಿಯ ನಿಜವಾದ ಕಾಯಿಲೆ ಟಾರ್ಕ್ ಬಾಕ್ಸ್. ಹಿಂದಿನ ಕಂಟ್ರೋಲ್ ಆರ್ಮ್‌ಗಳು ಬಾಡಿಗೆ ಸೇರುವ ಆ ಜಾಗದಲ್ಲಿ ಹಾಳೆ ತೆಳು, ಸ್ಪಾಟ್ ವೆಲ್ಡ್ ಕಡಿಮೆ. 3.73 ಗೇರ್, ಹಿಡಿತದ ಟೈರ್ ಸೇರಿದರೆ ವೆಲ್ಡ್ ಕಿತ್ತು ಹಾಳೆ ಹರಿಯುತ್ತದೆ. ಗೊತ್ತಿರುವ ಗಿರಾಕಿ ಮೊದಲು ಟಾರ್ಚ್ ಹಿಡಿಯುವುದೇ ಅಲ್ಲಿಗೆ. ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ ನಾಲ್ಕೂ ಟಾರ್ಕ್ ಬಾಕ್ಸ್, ಎರಡೂ ಸ್ಟ್ರಟ್ ಟವರ್, ಬ್ಯಾಟರಿ ಟ್ರೇ ಕೆಳಗಿನ ಜಾಗ, ಹ್ಯಾಚ್‌ನ ಒಳಗಿನ ಮೂಲೆಗಳು, ಇವುಗಳ ಫೋಟೋ ಹತ್ತಿರದಿಂದ ತೆಗೆಯಿರಿ. ಅಂಡರ್‌ಕೋಟ್ ಹೊಡೆದು ಮುಚ್ಚಬೇಡಿ. ಹೊಸ ಕಪ್ಪು ಕೋಟಿಂಗ್ ಕಂಡ ಕೂಡಲೇ ಕೆಳಗೆ ತುಕ್ಕಿದೆ ಎಂದೇ ಜನ ಅಂದುಕೊಳ್ಳುವುದು.

ಬಣ್ಣದ ವಿಷಯ: ದಪ್ಪ ಅಳೆಯುವ ಮೀಟರ್‌ನಲ್ಲಿ ಕಾರ್ಖಾನೆ ಬಣ್ಣ ಸಾಮಾನ್ಯವಾಗಿ 4ರಿಂದ 6 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ತೋರಿಸುತ್ತದೆ, ಮೇಲೆ ಮತ್ತೆ ಹೊಡೆದಿದ್ದರೆ ಅದರ ಎರಡರಷ್ಟು, ಪುಟ್ಟಿ ತುಂಬಿದ ಕಡೆ 20 ದಾಟುತ್ತದೆ. ಪ್ರತಿ ಪ್ಯಾನಲ್‌ನ ಅಳತೆ ನೀವೇ ಬರೆದು ಹಾಕಿ. ಬಾಗಿಲು, ಬಾನೆಟ್, ಫೆಂಡರ್, ಹ್ಯಾಚ್ ಇವುಗಳ ಒಳಬದಿಯಲ್ಲಿ ವಿಐಎನ್ (ಗಾಡಿಯ ಗುರುತು ಸಂಖ್ಯೆ) ಸ್ಟಿಕ್ಕರ್ ಇರುತ್ತವೆ. ಪೇಂಟ್ ಮಾಡುವವರು ಅವನ್ನು ಕಿತ್ತಿರದಿದ್ದರೆ ಒಂದೊಂದರ ಫೋಟೋ ಹಾಕಿ, ಪ್ಯಾನಲ್ ಮೂಲದ್ದು ಎನ್ನಲು ಅದಕ್ಕಿಂತ ಸಾಕ್ಷಿ ಬೇಡ. ವಿಐಎನ್ ಕೂಡ ಮರೆಮಾಚದೆ ಪೂರ್ತಿ ಕೊಡಿ: 6 ಮತ್ತು 7ನೇ ಸ್ಥಾನದಲ್ಲಿ 42 ಇದ್ದರೆ ಜಿಟಿ ಹ್ಯಾಚ್‌ಬ್ಯಾಕ್, 8ನೆಯದು ಇ ಅಂದರೆ 5.0, 10ನೆಯದು ಎಂ ಅಂದರೆ 1991. ನಾಲ್ಕು ಸಿಲಿಂಡರ್‌ನ ಎಲ್‌ಎಕ್ಸ್ ಮಾಡೆಲ್‌ಗೆ ವಿ8 ಕೂರಿಸಿ ಜಿಟಿ ಮಾಡಿದ ಗಾಡಿಗಳು ತಿರುಗಾಡುತ್ತಿರುವುದರಿಂದ ಇದು ಮುಖ್ಯ. ಮಾರ್ಟಿ ರಿಪೋರ್ಟ್ (ಫೋರ್ಡ್ ಕಾರ್ಖಾನೆ ದಾಖಲೆಯ ವರದಿ) ತರಿಸಿದರೆ ಕಾರ್ಖಾನೆಯಿಂದ ಯಾವ ಬಣ್ಣ, ಯಾವ ಆಪ್ಷನ್‌ಗಳೊಂದಿಗೆ ಹೊರಟಿತು ಎಂಬುದೂ ದಾಖಲೆಯಾಗಿ ಸಿಗುತ್ತದೆ.

ಎಂಜಿನ್‌ಗೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್‌ಗಳ ಒತ್ತಡದ ಅಳತೆ) ಮಾಡಿ. ಬಿಸಿ ಎಂಜಿನ್, ಎಂಟೂ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಹ್ಯಾಚ್‌ನ ಎಡಬದಿಯಲ್ಲಿರುವ ಇನರ್ಷಿಯಾ ಸ್ವಿಚ್‌ನಿಂದ ಫ್ಯೂಯಲ್ ಪಂಪ್ ಆಫ್ ಮಾಡಿ, ಇಗ್ನಿಷನ್ ಕಾಯಿಲ್‌ನ ಕನೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರ್ ಐದಾರು ಸುತ್ತು. ಅತಿ ಕಡಿಮೆಯದು ಅತಿ ಹೆಚ್ಚಿನದರ 75 ಶೇಕಡಾಕ್ಕಿಂತ ಕೆಳಗಿಳಿಯಬಾರದು. ರೀಬಿಲ್ಡ್ ಆದ ಎಂಜಿನ್‌ನಲ್ಲಿ ಎಂಟೂ ಇನ್ನೂ ಹತ್ತಿರ ಇರಬೇಕು. ಮಷಿನ್ ಶಾಪ್ ಬಿಲ್ ಇದ್ದರೆ ಅದೂ ಹಾಕಿ. ಬಿಲ್ ಇಲ್ಲದ ರೀಬಿಲ್ಡ್‌ಗೆ ಯಾರೂ ದುಡ್ಡು ಕೊಡುವುದಿಲ್ಲ.

ಸ್ಯಾಕ್ರಮೆಂಟೊ_ಟೆಕ್:

ಸ್ಮಾಗ್ ಬಗ್ಗೆ ನಾನು ಹೇಳುತ್ತೇನೆ, ಈ ಮಾರಾಟ ನಿಂತಿರುವುದೇ ಅದರ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಹಳೇ ಪೆಟ್ರೋಲ್ ಗಾಡಿಗಳ ಪೈಕಿ 1975 ಮತ್ತು ಅದಕ್ಕೂ ಹಿಂದಿನವಕ್ಕೆ ಮಾತ್ರ ವಿನಾಯಿತಿ. 1991ರದ್ದಕ್ಕೆ ಮಾರುವಾಗ ಸರ್ಟಿಫಿಕೇಟ್ ಕೊಡುವ ಹೊಣೆ ಮಾರುವವರದ್ದು, ಅದರ ಆಯಸ್ಸು 90 ದಿನ. ‘ಸ್ಮಾಗ್ ನೀವೇ ನೋಡಿಕೊಳ್ಳಿ’ ಎಂದು ಬರೆದು ಸಹಿ ಹಾಕಿಸಿಕೊಂಡರೂ ಹೊಣೆ ತಪ್ಪುವುದಿಲ್ಲ.

ಈ ಕಾಲದ ಗಾಡಿಗೆ ನಿಮ್ಮ ಕಡೆ ಡೈನೋ (ಗಾಡಿಯ ಚಕ್ರ ತಿರುಗುವ ರೋಲರ್) ಮೇಲೆ 15 ಮತ್ತು 25 ಮೈಲಿ ವೇಗದಲ್ಲಿ ಹೊಗೆ ಅಳೆಯುತ್ತಾರೆ. ಅದರ ಜೊತೆ ಕಣ್ಣಳತೆಯ ತಪಾಸಣೆ, ಟೈಮಿಂಗ್ (ಪ್ಲಗ್ ಕಿಡಿ ಹೊತ್ತುವ ಸಮಯ), ಇಜಿಆರ್ (ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್‌ಗೆ ಬಿಡುವ ವ್ಯವಸ್ಥೆ), ಪೆಟ್ರೋಲ್ ಆವಿ ಸೋರಿಕೆ. ಕ್ಯಾಟ್ ಇಲ್ಲದ ಎಚ್-ಪೈಪ್ ಕಣ್ಣಳತೆಯಲ್ಲೇ ಫೇಲ್. ಅದನ್ನು ತೆಗೆಯಿರಿ, ಗಾಡಿಯ ಜೊತೆ ಕೊಡಲೂ ಬೇಡಿ. ಪರೀಕ್ಷೆಗೆ ಮಾತ್ರ ಹಳೇದು ಹಾಕಿ ಪಾಸಾದ ಮೇಲೆ ಮತ್ತೆ ಇದನ್ನೇ ಕಟ್ಟಿ ಮಾರುವುದು ಮೋಸ. ಕ್ಯಾಟ್ ತೆಗೆಯುವುದು ಫೆಡರಲ್ ಕಾನೂನಿಗೂ ವಿರುದ್ಧ.

ನಿಮ್ಮ ಹಳೇ ಎಚ್-ಪೈಪ್‌ನಲ್ಲಿರುವ ಕ್ಯಾಟ್‌ಗಳು ಮೂರು ದಶಕದವು, ಸತ್ತಿರುವ ಸಾಧ್ಯತೆ ಹೆಚ್ಚು. ಹೊಸದು ಕೊಳ್ಳುವುದಾದರೆ ಅದರ ಮೇಲೆ ಕಾರ್ಬ್‌ನ (ಕ್ಯಾಲಿಫೋರ್ನಿಯಾದ ವಾಯು ಮಂಡಳಿ) ಇಒ (ಅನುಮತಿ ಆದೇಶ) ಸಂಖ್ಯೆ ಇರಬೇಕು, ಆ ಸಂಖ್ಯೆ ನಿಮ್ಮ ವರ್ಷಕ್ಕೂ ಎಂಜಿನ್‌ಗೂ ಅನ್ವಯಿಸಬೇಕು. ಬೇರೆ ರಾಜ್ಯಗಳಲ್ಲಿ ಮಾರುವ ಅಗ್ಗದ ಕ್ಯಾಟ್ ಇಲ್ಲಿ ನಡೆಯುವುದಿಲ್ಲ. ಹೆಡರ್‌ಗೂ ಮಾಸ್ ಏರ್ ಮೀಟರ್‌ಗೂ ಇದೇ ನಿಯಮ. ಪ್ಲೇಟ್ ಅಥವಾ ಸ್ಟಿಕ್ಕರ್ ಎಂಜಿನ್ ಬೇಯಲ್ಲಿ ಓದುವಂತೆ ಇರಲಿ. ಎಕ್ಸ್‌ಪ್ಲೋರರ್ ಇಂಟೇಕ್ ಈ ಗಾಡಿಯ ಜೊತೆ ಬಂದದ್ದಲ್ಲ, ಗುರುತಿಸುವ ಇನ್‌ಸ್ಪೆಕ್ಟರ್ ತಡೆಯುತ್ತಾರೆ. ಮೂಲದ್ದು ಗ್ಯಾರೇಜಿನಲ್ಲಿ ಇದೆಯಲ್ಲ, ಅದನ್ನೇ ಹಾಕಿ. ಹೇಗೂ ಇಂಟೇಕ್ ಬಿಚ್ಚುತ್ತೀರಿ, ಆಗಲೇ 19 ಪೌಂಡ್ ಇಂಜೆಕ್ಟರ್, ಹಳೇ ಮೀಟರ್, ಏರ್‌ಬಾಕ್ಸ್ ಎಲ್ಲ ಒಟ್ಟಿಗೆ ವಾಪಸ್. ಇಂಜೆಕ್ಟರ್‌ಗೆ ಹೊಸ ಓ-ರಿಂಗ್, ಇಂಟೇಕ್‌ಗೆ ಹೊಸ ಗ್ಯಾಸ್ಕೆಟ್ ಹಾಕಿ. ಹಳೇದರಲ್ಲಿ ಸಣ್ಣ ಗಾಳಿ ಸೋರಿಕೆ ಇದ್ದರೂ ಐಡಲ್ ಹಾರುತ್ತದೆ.

ಇ303 ಕ್ಯಾಮ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಹೊಗೆಯಲ್ಲಿ ಕಾಣುತ್ತದೆ. 0.050 ಇಂಚು ಎತ್ತಿದಲ್ಲಿಂದ ಅಳೆದರೆ ತೆರೆದಿರುವುದು 220 ಡಿಗ್ರಿ, ಲೋಬ್‌ಗಳ ಅಂತರ 110 ಡಿಗ್ರಿ. ಮೂಲ ಕ್ಯಾಮ್‌ಗಿಂತ ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ, ಸುಡದ ಪೆಟ್ರೋಲ್ ಹೊರಗೆ ಹೋಗಿ ಎಚ್‌ಸಿ (ಹೈಡ್ರೋಕಾರ್ಬನ್) ಏರುತ್ತದೆ. ಕ್ಯಾಟ್ ಗಟ್ಟಿಯಾಗಿದ್ದು ಟ್ಯೂನ್ ಸರಿಯಿದ್ದರೆ ಹೊಗೆ ಮಿತಿಯೊಳಗೆ ಬರಬಹುದು. ಆದರೆ ಕ್ಯಾಮ್‌ಗೂ ಇಒ ಬೇಕು, ಕಾರ್ಬ್‌ನ ಪಟ್ಟಿಯಲ್ಲಿ ನಿಮ್ಮ ಪಾರ್ಟ್ ನಂಬರ್ ನೋಡಿಕೊಂಡು ಮುಂದುವರಿಯಿರಿ.

ಹೋಗುವ ಮುಂಚೆ ಬೇಸ್ ಟೈಮಿಂಗ್ ನೋಡಿ. ಡಿಸ್ಟ್ರಿಬ್ಯೂಟರ್ ಹತ್ತಿರದ ಸ್ಪೌಟ್ ಕನೆಕ್ಟರ್ ಕಿತ್ತು ಟೈಮಿಂಗ್ ಲೈಟ್ ಹಿಡಿದರೆ 10 ಡಿಗ್ರಿ ಬರಬೇಕು. ಫಾಕ್ಸ್‌ಬಾಡಿಯವರು 14ಕ್ಕೆ ಏರಿಸಿ ಮರೆತುಬಿಡುತ್ತಾರೆ. ಸ್ಮಾಗ್‌ನಲ್ಲಿ 3 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಫೇಲ್, ಜೊತೆಗೆ ನಾಕ್ಸ್ (ನೈಟ್ರೋಜನ್ ಆಕ್ಸೈಡ್) ಕೂಡ ಏರುತ್ತದೆ. ಇಜಿಆರ್ ವಾಲ್ವ್‌ಗೆ ಕೈಪಂಪ್‌ನಿಂದ ವ್ಯಾಕ್ಯೂಮ್ ಕೊಟ್ಟಾಗ ಐಡಲ್ ತಡವರಿಸಬೇಕು; ಏನೂ ಆಗದಿದ್ದರೆ ದಾರಿ ಕಟ್ಟಿದೆ. ಏರ್ ಪಂಪ್ ಬೆಲ್ಟ್ ಸಮೇತ ಇರಬೇಕು. ಪೆಟ್ರೋಲ್ ಆವಿ ಹಿಡಿಯುವ ಚಾರ್ಕೋಲ್ ಕ್ಯಾನಿಸ್ಟರ್‌ನ ರಬ್ಬರ್ ಹೋಸ್‌ಗಳು ಈ ವಯಸ್ಸಿಗೆ ಸೀಳಿರುತ್ತವೆ, ಕೆಲವೇ ಡಾಲರ್ ಖರ್ಚು, ಮೊದಲೇ ಬದಲಿಸಿ. ಹೆಡರ್ ಮತ್ತು ಎಚ್-ಪೈಪ್ ಸೇರುವಲ್ಲಿ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಸೇರಿ ಆಕ್ಸಿಜನ್ ಸೆನ್ಸರ್ ‘ಪೆಟ್ರೋಲ್ ಕಡಿಮೆ’ ಎಂದು ಹೇಳುತ್ತದೆ, ಕಂಪ್ಯೂಟರ್ ಸುರಿಯುತ್ತದೆ, ಸಿಒ (ಕಾರ್ಬನ್ ಮಾನಾಕ್ಸೈಡ್) ಏರುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಜನ ಸುಮ್ಮನೆ ಸೆನ್ಸರ್ ಬದಲಿಸುವುದು ಇಲ್ಲೇ.

ಕೊನೆಗೆ ಕಂಪ್ಯೂಟರ್ ಕೋಡ್ ತೆಗೆಯಿರಿ, ಎಂಜಿನ್ ಆಫ್‌ನಲ್ಲೂ ಚಾಲನೆಯಲ್ಲೂ 11 ಬಂದರೆ ಎಲ್ಲ ಸರಿ. ಅದರ ವಿಡಿಯೋ ಜಾಹೀರಾತಿಗೂ ಆಗುತ್ತದೆ. 20 ನಿಮಿಷ ಹೈವೇಯಲ್ಲಿ ಓಡಿಸಿ ಕ್ಯಾಟ್ ಬಿಸಿಯಿರುವಾಗಲೇ ಒಳಗೆ ಬಿಡಿ. ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಆ ಬಿಸಿ ಹೋಯಿತು.

ಫ್ರೀಮಾಂಟ್_ಫಾಕ್ಸ್:

ತುಂಬಾ ಥ್ಯಾಂಕ್ಸ್. ಹಾಗಾದರೆ ಇಂಟೇಕ್, ಇಂಜೆಕ್ಟರ್, ಮೀಟರ್ ವಾಪಸ್, ಹೊಸ ಕ್ಯಾಟ್; ಬ್ರೇಕ್, ವೀಲ್, 3.73 ಹಾಗೇ. ತೆಗೆದ ಜಿಟಿ-40 ಇಂಟೇಕ್ ಬೇರೆ ಮಾರಲೋ, ಗಾಡಿ ಜೊತೆ ಕೊಡಲೋ? ದುಡ್ಡು ತೆಗೆದುಕೊಳ್ಳುವುದರಲ್ಲಿ ಏನು ಎಚ್ಚರ ಬೇಕು? ಓಡೋಮೀಟರ್ 96 ಸಾವಿರ ಮೈಲಿ ತೋರಿಸುತ್ತಿದೆ, ಆದರೆ ಅದರ ಪ್ಲಾಸ್ಟಿಕ್ ಗೇರ್ ಒಮ್ಮೆ ಮುರಿದಿತ್ತು. ಬೆಂಗಳೂರಿನ ಒಬ್ಬ ಸಂಬಂಧಿಕರು ‘ಇಲ್ಲಿಗೇ ಕಳಿಸು’ ಅಂತಿದ್ದಾರೆ, ಅದು ಆಗುತ್ತಾ?

ಹುಬ್ಬಳ್ಳಿ_ವಿ8:

ಬೆಂಗಳೂರಿಂದು ಮೊದಲ ಹೇಳಿಬಿಡ್ತೀನ್ರಿ, ಆಗೂದಿಲ್ಲ. ಬಳಸಿದ ಕಾರು ಭಾರತಕ್ಕ ತರಬೇಕಂದ್ರ ಮೂರು ವರ್ಷಕ್ಕಿಂತ ಹಳೇದು ಇರಬಾರದು, ಸ್ಟಿಯರಿಂಗ್ ಬಲಕ್ಕ ಇರಬೇಕು. ವಿಂಟೇಜ್ ಗಾಡಿಗೆ ಬ್ಯಾರೆ ನಿಯಮ ಅದ, ಆದ್ರ 1991ರದ್ದು ಅದರಾಗ ಬರೂದಿಲ್ಲ.

ಇಂಟೇಕ್ ಗಾಡಿ ಜೋಡಿನ ಇಡ್ರಿ. ಬ್ಯಾರೆ ರಾಜ್ಯದ ಗಿರಾಕಿ ಬಂದ್ರ ಅವರಿಗೆ ಅದು ದೊಡ್ಡ ಆಕರ್ಷಣೆ. ಟೆಕ್ಸಾಸ್‌ನಾಗ ಇಷ್ಟು ಹಳೇ ಗಾಡಿಗೆ ಎಮಿಷನ್ ಟೆಸ್ಟ್ ಇಲ್ಲ. ಹಂಗಂತ ಪಾರ್ಟ್ಸ್‌ಗೆ ಹಾಕಿದ ರೊಕ್ಕ ಪೂರ್ತಿ ತಿರುಗಿ ಬರ್ತದ ಅಂತ ತಿಳ್ಕೋಬ್ಯಾಡ್ರಿ. ಬಿಲ್ ಕೂಡಿಸಿ ಬೆಲೆ ಕಟ್ಟೂದಲ್ಲ. ಇಂಥದ್ದೇ ಗಾಡಿ ಕಡೀಗೆ ಎಷ್ಟಕ್ಕ ಹೋಯ್ತು ಅನ್ನೂದನ್ನ ನೋಡಿ ಕಟ್ಟೂದು. ಕೇಳಿದ ಬೆಲೆ ಲೆಕ್ಕಕ್ಕಿಲ್ಲ. ಹ್ಯಾಗರ್ಟಿ (ಹಳೇ ಕಾರಿನ ಇನ್ಶೂರೆನ್ಸ್ ಕಂಪನಿ) ದರಪಟ್ಟಿ ನೋಡೂದಾದ್ರ ನಿಮ್ಮದನ್ನ 3ನೇ ದರ್ಜೆ ಅಂತ ಹಿಡೀರಿ. 1 ಅಂದ್ರ ಪ್ರದರ್ಶನಕ್ಕ ಇಡೂ ಗಾಡಿ.

ಬ್ರಿಂಗ್ ಎ ಟ್ರೇಲರ್, ಕಾರ್ಸ್ ಆ್ಯಂಡ್ ಬಿಡ್ಸ್, ಈ ಎರಡೂ ಆನ್‌ಲೈನ್ ಹರಾಜು ಸೈಟ್ ಇದಕ್ಕ ಹೊಂದ್ತಾವ. ಹರಾಜು ನಡೆಯೂ ದಿನಗಳಾಗ ಕಮೆಂಟ್‌ಗೆ ಅವತ್ತಿಂದವತ್ತ ಉತ್ತರ ಕೊಡಬೇಕ್ರಿ. ಯಾರರೆ ಟಾರ್ಕ್ ಬಾಕ್ಸ್ ಫೋಟೋ ಕೇಳಿದಾಗ ಸುಮ್ಮನ ಕುಂತ್ರ ಬಿಡ್ ಅಲ್ಲಿಗೇ ನಿಲ್ತದ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡೂ ವಿಡಿಯೋ ಹಾಕ್ರಿ, ಬಿಸಿ ಮಾಡಿ ತೋರಿಸಬ್ಯಾಡ್ರಿ. ಬಿಸಿಯಾದಾಗ ನಿಂತುಹೋಗಿ ತಣ್ಣಗಾದ ಮ್ಯಾಲೆ ಮತ್ತ ಸ್ಟಾರ್ಟ್ ಆಗೂ ರೋಗ ಇದ್ರ ಡಿಸ್ಟ್ರಿಬ್ಯೂಟರ್ ಮ್ಯಾಲಿನ ಟಿಎಫ್‌ಐ (ಇಗ್ನಿಷನ್) ಮಾಡ್ಯೂಲ್ ನೋಡ್ರಿ. ಟೆಸ್ಟ್ ಡ್ರೈವ್‌ನಾಗ ಅದು ಕೈಕೊಟ್ರ ವ್ಯಾಪಾರ ಮುಗೀತು.

ರೊಕ್ಕದ್ದು: ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದು ಕೊಡೂ ಚೆಕ್) ಆದ್ರ ಅವರ ಬ್ಯಾಂಕಿಗೆ ನೀವೇ ಹೋಗಿ, ನಿಮ್ಮ ಕಣ್ಣೆದುರಿಗೇ ಕೌಂಟರ್‌ನಾಗ ಬರೆಸ್ರಿ. ಮನಿಗೆ ತಂದ ಚೆಕ್ ನಕಲಿ ಇದ್ರೂ ಅಕೌಂಟಿನ್ಯಾಗ ರೊಕ್ಕ ಬಂದಂಗ ಕಾಣ್ತದ, ವಾರದ ಮ್ಯಾಲೆ ಬ್ಯಾಂಕ್ ತಿರುಗಿ ತಗೋತದ. ವೈರ್ ಆದ್ರ ನಿಮ್ಮ ಬ್ಯಾಂಕಿಗೆ ನೀವೇ ಫೋನ್ ಮಾಡಿ ಖಾತ್ರಿ ಮಾಡ್ಕೋರಿ, ಆಮ್ಯಾಲೆ ಟೈಟಲ್‌ಗೆ ಸಹಿ. ನಗದು 10,000 ಡಾಲರ್ ದಾಟಿದ್ರ ಬ್ಯಾಂಕ್ ಸರ್ಕಾರಕ್ಕ ವರದಿ ಕೊಡ್ತದ, ಅದರಾಗ ನಿಮಗೇನೂ ತೊಂದ್ರಿ ಇಲ್ಲ. ವರದಿ ತಪ್ಪಿಸಲಿಕ್ಕೆ ಸಣ್ಣ ಸಣ್ಣ ಕಂತಿನ್ಯಾಗ ಹಾಕಿದ್ರ ಅದೇ ಅಪರಾಧ. ಲಾಭ ಬಂದಿದ್ರ ಟ್ಯಾಕ್ಸ್ ಅದ, ರಿಸ್ಟೋರೇಷನ್ ಬಿಲ್ಲುಗಳು ಅಸಲಿಗೆ ಸೇರ್ತಾವ, ಜೋಪಾನ ಇಡ್ರಿ.

ಕೊಟ್ಟ ಮ್ಯಾಲೆ ಐದು ದಿನದಾಗ ಡಿಎಂವಿಗೆ (ಅಲ್ಲಿನ ಆರ್‌ಟಿಒ) ಹೊಣೆ ಬಿಡುಗಡೆ ನೋಟಿಸ್ ಆನ್‌ಲೈನ್‌ನಾಗ ಕಳಸ್ರಿ. ಇನ್ಶೂರೆನ್ಸ್ ಆಮ್ಯಾಲೆ ನಿಲ್ಲಿಸ್ರಿ, ಮೊದಲಲ್ಲ. ಸಾದಾ ನಂಬರ್ ಪ್ಲೇಟ್ ಗಾಡಿ ಜೋಡಿ ಹೋಗ್ತದ, ಹಂಗಾಗಿ ಫಾಸ್ಟ್ರ್ಯಾಕ್ (ಟೋಲ್) ಅಕೌಂಟಿಂದ ಆ ನಂಬರ್ ತಗೀರಿ, ಇಲ್ಲಂದ್ರ ಅವರು ಸೇತುವೆ ದಾಟಿದಾಗೆಲ್ಲ ನಿಮ್ಮ ರೊಕ್ಕ ಹೋಗ್ತದ.

ಎಂಟು_ಪಾಯಿಂಟ್_ಎಂಟು:

ಓಡೋಮೀಟರ್‌ಗೆ ಉತ್ತರ ಬಾಕಿ ಇದೆ. 2010 ಮತ್ತು ಹಿಂದಿನ ಮಾಡೆಲ್‌ಗಳಿಗೆ ಹತ್ತು ವರ್ಷ ಕಳೆದ ಮೇಲೆ ಫೆಡರಲ್ ಮೈಲೇಜ್ ಘೋಷಣೆಯ ಅಗತ್ಯ ಇಲ್ಲ. ಆದರೆ ಗೊತ್ತಿದ್ದೂ 96 ಸಾವಿರ ನಿಜ ಎಂದು ಬರೆದರೆ ಅದು ವಂಚನೆಯೇ. ‘ತೋರಿಸುವುದು 96 ಸಾವಿರ, ಗೇರ್ ಮುರಿದು ಬದಲಾಗಿದೆ, ನಿಜವಾದ ಓಟ ತಿಳಿದಿಲ್ಲ’ ಎಂದು ಜಾಹೀರಾತಿನಲ್ಲೂ ಬಿಲ್ ಆಫ್ ಸೇಲ್‌ನಲ್ಲೂ ಬರೆಯಿರಿ. ಫಾಕ್ಸ್‌ಬಾಡಿ ಬಲ್ಲವರಿಗೆ ಈ ಗೇರ್ ಮುರಿಯುವುದು ಹೊಸದಲ್ಲ, ಅದಕ್ಕೇ ಗಿರಾಕಿ ಹೋಗುವುದಿಲ್ಲ.

ಇನ್ನೊಂದು: 3.73 ಹಾಕಿದಾಗ ಟಿ-5ರ ಸ್ಪೀಡೋಮೀಟರ್ ಗೇರ್ ಬದಲಾಗಿತ್ತಾ? ಇಲ್ಲದಿದ್ದರೆ ಮೀಟರ್ ಸುಮಾರು 37 ಶೇಕಡಾ ಹೆಚ್ಚು ತೋರಿಸುತ್ತಿರುತ್ತದೆ, ವೇಗವನ್ನೂ ಮೈಲಿಯನ್ನೂ. ಲೆಕ್ಕ ಸುಲಭ: ಗೇರ್‌ಬಾಕ್ಸ್ ಒಳಗಿನ ಡ್ರೈವ್ ಗೇರಿನ ಹಲ್ಲು, ಆಕ್ಸಲ್ ಅನುಪಾತ, ಟೈರ್ ಒಂದು ಮೈಲಿಗೆ ತಿರುಗುವ ಸುತ್ತು, ಮೂರನ್ನೂ ಗುಣಿಸಿ 1001ರಿಂದ ಭಾಗಿಸಿದರೆ ಕೇಬಲ್ ತುದಿಯ ಡ್ರಿವನ್ ಗೇರಿಗೆ ಎಷ್ಟು ಹಲ್ಲು ಬೇಕೆಂದು ಸಿಗುತ್ತದೆ. ಡ್ರೈವ್ ಗೇರ್ 7 ಹಲ್ಲಿನದಾಗಿದ್ದು ಟೈರ್ 806 ಸುತ್ತು ತಿರುಗಿದರೆ 21 ಹಲ್ಲಿನ ಡ್ರಿವನ್ ಗೇರ್ ಬೇಕು. ಕೇಬಲ್ ಗೇರ್‌ಬಾಕ್ಸ್ ಸೇರುವ ಕಡೆ ಒಂದು ಬೋಲ್ಟ್, ಒಂದು ಕ್ಲಿಪ್. ಗಾಡಿ ಟಾರ್ಕ್ ಬಾಕ್ಸ್ ಫೋಟೋಗೆ ಲಿಫ್ಟ್ ಮೇಲಿದ್ದಾಗಲೇ ಬಿಚ್ಚಿ ಹಲ್ಲು ಎಣಿಸಿಬಿಡಿ, ಹಾಕುವಾಗ ಹೊಸ ಓ-ರಿಂಗ್ ಹಾಕಿ, ಇಲ್ಲದಿದ್ದರೆ ಅಲ್ಲಿಂದ ಗೇರ್‌ಬಾಕ್ಸ್‌ನ ಆಯಿಲ್ ತೊಟ್ಟಿಕ್ಕುತ್ತದೆ.