ಮೂಲಗಳು ಗೊತ್ತು, ಒಂದು ಬಿಂದುವೂ ಗೊತ್ತು: ಸಮೀಕರಣ ಬರೆಯೋದು ಹೇಗೆ?

ಪ್ರಶ್ನೆ (ಒಬ್ಬ ತಾಯಿ): ನಮಸ್ಕಾರ ಸರ್. ಮಗಳು ಹತ್ತನೇ ಕ್ಲಾಸು. ಟ್ಯೂಷನ್‌ನಲ್ಲಿ ಕೊಟ್ಟ ಲೆಕ್ಕ ಇದು: ‘ಮೂಲಗಳು −2 ಮತ್ತು 4. ನಕ್ಷೆ (2, 12) ಬಿಂದುವಿನ ಮೂಲಕ ಹಾದುಹೋಗುತ್ತದೆ. ವರ್ಗ ಸಮೀಕರಣ ಬರೆಯಿರಿ.’ ಅವಳು ಮೊತ್ತ 2, ಗುಣಲಬ್ಧ −8 ಅಂತ ತೆಗೆದು ಎಕ್ಸ್² − 2ಎಕ್ಸ್ − 8 ಬರೆದಿದ್ದಾಳೆ. ಉತ್ತರದಲ್ಲಿ −3/2 ಅಂತ ಏನೋ ಇದೆ. ಅದು ಎಲ್ಲಿಂದ ಬಂತು?

ಉತ್ತರ (ಹೈಸ್ಕೂಲ್ ಗಣಿತ ಶಿಕ್ಷಕ): ಮಗಳು ಮುಕ್ಕಾಲು ದಾರಿ ಬಂದಿದ್ದಾಳೆ ಮೇಡಂ. ಮೊತ್ತ, ಗುಣಲಬ್ಧ ಎರಡೂ ಸರಿ. ಆದರೆ ಕೊಟ್ಟ ಬಿಂದುವನ್ನು ಮುಟ್ಟೇ ಇಲ್ಲ. ಅವಳ ಉತ್ತರದಲ್ಲಿ ಎಕ್ಸ್ ಜಾಗಕ್ಕೆ 2 ಹಾಕಿ: 4 − 4 − 8, ಅಂದರೆ −8. ಬೇಕಾದದ್ದು 12.

ಮೂಲಗಳು ಅಂದರೆ ನಕ್ಷೆ ಎಕ್ಸ್ ಅಕ್ಷವನ್ನು ಕತ್ತರಿಸುವ ಜಾಗಗಳು. −2 ಮತ್ತು 4ರಲ್ಲಿ ಹಾಗೆ ಕತ್ತರಿಸುವ ಪರವಲಯ (ವರ್ಗ ಸಮೀಕರಣದ ಬಾಗಿದ ನಕ್ಷೆ) ಒಂದೇ ಅಲ್ಲ, ಲೆಕ್ಕವಿಲ್ಲದಷ್ಟಿವೆ. ಕೆಲವು ಮೇಲ್ಮುಖ, ಕೆಲವು ಕೆಳಮುಖ, ಕೆಲವು ಚಪ್ಪಟೆ. ಎಲ್ಲವನ್ನೂ ಒಟ್ಟಿಗೆ ಹೀಗೆ ಬರೀಬಹುದು (ಎ ಅಂದರೆ ಸೊನ್ನೆ ಅಲ್ಲದ ಯಾವುದಾದರೂ ಒಂದು ಸಂಖ್ಯೆ):

ವೈ = ಎ(ಎಕ್ಸ್ + 2)(ಎಕ್ಸ್ − 4)

ಇವುಗಳಲ್ಲಿ ನಮ್ಮದು ಯಾವುದು ಅಂತ ಹೇಳೋದೇ ಆ ಬಿಂದು. ಎಕ್ಸ್ = 2, ವೈ = 12 ಹಾಕಿ:

12 = ಎ × 4 × (−2)
ಎ = −12/8 = −3/2

ಈಗ ಬಿಡಿಸಿದರೆ ವೈ = −(3/2)ಎಕ್ಸ್² + 3ಎಕ್ಸ್ + 12. ಬಿಡಿಸುವಾಗ −3/2 ಅನ್ನು ಮೂರೂ ಪದಗಳಿಗೆ ಗುಣಿಸಬೇಕು. ಮಕ್ಕಳು ಮೊದಲನೆಯದಕ್ಕೆ ಮಾತ್ರ ಗುಣಿಸಿ ಉಳಿದದ್ದನ್ನು ಹಾಗೇ ಇಳಿಸಿಬಿಡ್ತಾರೆ.

ತಾಳೆ ನೋಡೋದು ಸುಲಭ. ಮೂಲಗಳ ನಡುಮಧ್ಯ 1. ನಕ್ಷೆ ಅದರ ಎರಡೂ ಬದಿಗೆ ಒಂದೇ ಥರ ಇರುತ್ತೆ. ಹಾಗಾಗಿ ಎಕ್ಸ್ = 2ರಲ್ಲಿ 12 ಆದರೆ ಎಕ್ಸ್ = 0ಯಲ್ಲೂ 12. ಎಕ್ಸ್ 0 ಆದಾಗ ಉಳಿಯುವ ಸ್ಥಿರಪದ ನೋಡಿ, 12 ಇದೆಯಲ್ಲ.

ಅದೇ ತಾಯಿ: ಅರ್ಥ ಆಯ್ತು ಸರ್. ಆದರೆ ಎರಡಕ್ಕೂ ಮೂಲಗಳು ಒಂದೇ ಅಂದಮೇಲೆ ಅವಳದ್ದು ತಪ್ಪು ಅನ್ನೋದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ. ‘= 0’ ಅಂತ ಬರೆದರೆ ಎರಡೂ ಒಂದೇ ಸಮೀಕರಣ, −3/2ರಿಂದ ಭಾಗಿಸಿದರೆ ಅವಳದ್ದೇ ಸಿಗುತ್ತೆ. ‘ವೈ =’ ಅಂತ ಬರೆದಾಗ ಮಾತ್ರ ನಕ್ಷೆಗಳು ಬೇರೆ ಬೇರೆ. ಬಿಂದು ಕೊಟ್ಟವರು ‘ವೈ =’ ಅಂತ ಸ್ಪಷ್ಟವಾಗಿ ಕೇಳಬೇಕಿತ್ತು. ಪ್ರಶ್ನೆ ಬರೆದವರದ್ದೂ ಸ್ವಲ್ಪ ಸಡಿಲವೇ.

ಪಿಯುಸಿ ವಿದ್ಯಾರ್ಥಿ: ಸರ್, ಕೊಟ್ಟ ಬಿಂದು (4, 0) ಆಗಿದ್ರೆ?

ಉತ್ತರ: ಹಾಕಿ ನೋಡಪ್ಪ. 0 = ಎ × 6 × 0. ಎ ಏನಿದ್ದರೂ ಸರಿಯೇ, ಹೊಸ ಮಾಹಿತಿ ಏನೂ ಸಿಗಲಿಲ್ಲ. (4, 5) ಕೊಟ್ಟರೆ 5 = 0 ಅಂತ ಬರುತ್ತೆ, ಅಂಥ ನಕ್ಷೆಯೇ ಇಲ್ಲ. ಬಿಂದುವಿನ ಎಕ್ಸ್ ಬೆಲೆ ಮೂಲಗಳಲ್ಲಿ ಒಂದಾಗಿರಬಾರದು, ಬಿಂದು ಎಕ್ಸ್ ಅಕ್ಷದ ಮೇಲೂ ಇರಬಾರದು.

ವೆಲ್ಡಿಂಗ್ ಅಂಗಡಿಯವರು: ಮೇಷ್ಟ್ರೇ, ನನ್ನದೂ ಒಂದು. ಗೇಟಿಗೆ ಕಮಾನು ಮಾಡಬೇಕು. ಅಗಲ 12 ಅಡಿ, ನಡುವೆ ಎತ್ತರ 9 ಅಡಿ, ಪರವಲಯದ ಆಕಾರ. ಪೈಪ್ ಬಗ್ಗಿಸೋಕೆ ಒಂದೊಂದು ಅಡಿಗೂ ಎತ್ತರ ಬೇಕು.

ಉತ್ತರ: ಇದೂ ಅದೇ ಲೆಕ್ಕ ಅಣ್ಣಾ. ಎಡಗಾಲು 0, ಬಲಗಾಲು 12, ಇವೇ ಮೂಲಗಳು. ಬಿಂದು (6, 9). 9 = ಎ × 6 × (−6), ಎ = −1/4. ಸಮೀಕರಣ: ವೈ = ಎಕ್ಸ್(12 − ಎಕ್ಸ್)/4.

ಎಡಗಾಲಿನಿಂದ 1 ಅಡಿಯಲ್ಲಿ 2 ಅಡಿ 9 ಇಂಚು, 2ರಲ್ಲಿ 5 ಅಡಿ, 3ರಲ್ಲಿ 6 ಅಡಿ 9 ಇಂಚು, 4ರಲ್ಲಿ 8 ಅಡಿ, 5ರಲ್ಲಿ 8 ಅಡಿ 9 ಇಂಚು, 6ರಲ್ಲಿ 9 ಅಡಿ. ಆಚೆ ಬದಿಗೆ ಇದನ್ನೇ ತಿರುಗಿಸಿ ಹಾಕಿ. ಈ ಅಳತೆ ಪೈಪಿನ ನಡುಗೆರೆಗೆ ಸೇರಿದ್ದು. ಪೈಪಿನ ಒಳಅಂಚಿಗೆ 12 ಅಡಿ ಬೇಕಿದ್ದರೆ ಪೈಪಿನ ದಪ್ಪ ಎಷ್ಟು ಅಂತ ಹೇಳಿ, ಲೆಕ್ಕ ಬದಲಾಗುತ್ತೆ.