362 ಇದ್ದದ್ದು 331 ಆಯಿತು, ಮೂರನೇ ಸಲ ನೀಟ್ ಬರೆಯಲಾ?

ಹೊಸದುರ್ಗದ ಹುಡುಗಿ:

2025ರ ಜೂನ್ 14ಕ್ಕೆ ನೀಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ರಿಸಲ್ಟ್ ಬಂತು. ಅವತ್ತಿನಿಂದ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. 2024ರಲ್ಲಿ 720ಕ್ಕೆ 362 ಬಂದಿತ್ತು. ಒಂದು ವರ್ಷ ಪೂರ್ತಿ ಹಾಸ್ಟೆಲ್‌ನಲ್ಲಿದ್ದು ಲಾಂಗ್ ಟರ್ಮ್ ಕೋಚಿಂಗ್ ಮಾಡಿದ ಮೇಲೆ 331. ಓದಿದ ಮೇಲೆ ಮಾರ್ಕ್ಸ್ ಕಮ್ಮಿ ಆಯಿತು ಅಂದರೆ ಯಾರು ನಂಬುತ್ತಾರೆ? "ಅಲ್ಲಿ ಹೋಗಿ ಮೊಬೈಲ್ ನೋಡ್ತಾ ಕೂತಿದ್ಲು" ಅಂತ ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಹಾಸ್ಟೆಲ್‌ನಲ್ಲಿ ಮೊಬೈಲ್ ಕೊಡ್ತಾನೇ ಇರಲಿಲ್ಲ. ಅದನ್ನು ಹೇಳಿದರೆ ಎದುರುತ್ತರ ಅಂತಾರೆ.

ಪಿಯುಸಿ ಮಾರ್ಕ್ಸೂ ಅಷ್ಟಕ್ಕಷ್ಟೆ. ಫಿಸಿಕ್ಸ್ 49, ಕೆಮಿಸ್ಟ್ರಿ 58, ಬಯಾಲಜಿ 72. ಹತ್ತನೇ ಕ್ಲಾಸ್‌ವರೆಗೂ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಫಸ್ಟ್ ಪಿಯುಸಿಯಲ್ಲಿ ಮೊದಲ ಮೂರು ತಿಂಗಳು ಬೋರ್ಡ್ ಮೇಲಿದ್ದದ್ದನ್ನು ಹಾಗೇ ಬರೆದುಕೊಂಡೆ ಅಷ್ಟೆ, ಏನೂ ತಲೆಗೆ ಹೋಗಲಿಲ್ಲ.

ನಮಗಿರುವುದು ಸ್ವಲ್ಪ ತೆಂಗು. "ಇನ್ನೊಂದು ಸಲ ಬರೀತೀಯಾ, ಬರಿ. ಆದ್ರೆ ಮನೇಲೇ ಕೂತು ಓದು. ಕೋಚಿಂಗ್‌ಗೆ ದುಡ್ಡಿಲ್ಲ" ಅಂದಿದ್ದಾರೆ ಅಪ್ಪ. ಈ ಮಧ್ಯೆ ಒಬ್ಬ ಏಜೆಂಟ್ ದಿನಕ್ಕೆರಡು ಸಲ ಫೋನ್ ಮಾಡಿ, ನೀವು ಕ್ವಾಲಿಫೈ ಆಗಿದ್ದೀರಲ್ಲ, ಹೊರದೇಶದಲ್ಲಿ ಎಂಬಿಬಿಎಸ್ ಮಾಡಿ ಅಂತಿದ್ದಾನೆ.

ಮೂರನೇ ಸಲ ಬರೆಯೋದು ಹುಚ್ಚುತನವಾ? ಪಿಯುಸಿ ಮತ್ತೆ ಬರೆದು ಮಾರ್ಕ್ಸ್ ಜಾಸ್ತಿ ಮಾಡಿಕೊಳ್ಳಬೇಕಾ?

ನೈಟ್ ಡ್ಯೂಟಿ:

ತಂಗಿ, ನನಗೆ ಸೀಟ್ ಸಿಕ್ಕಿದ್ದೂ ಮೂರನೇ ಸಲ, 2019ರಲ್ಲಿ. ಈ ವರ್ಷ ಎಂಬಿಬಿಎಸ್ ಕೊನೆಯ ಹೌಸ್ ಸರ್ಜನ್ಸಿ ಮುಗಿಯಿತು.

ಮೊದಲು ಪಿಯುಸಿ ವಿಷಯ ಬಿಟ್ಟುಬಿಡು. ಮೆಡಿಕಲ್ ರ‍್ಯಾಂಕ್‌ಗೆ ಪಿಯುಸಿ ಮಾರ್ಕ್ಸ್ ಸೇರಲ್ಲ. ಮೂರು ಸಬ್ಜೆಕ್ಟ್ ಸೇರಿ ಜನರಲ್‌ಗೆ 50 ಪರ್ಸೆಂಟ್, ಮೀಸಲಾತಿ ಇರುವವರಿಗೆ 40 ಇದ್ದರೆ ಸಾಕು. ನಿನ್ನದು 300ಕ್ಕೆ 179, ಹತ್ತಿರ ಹತ್ತಿರ 60.

ಇನ್ನು 362ನ್ನು 331ರ ಪಕ್ಕ ಇಟ್ಟು ನೋಡೋದೇ ತಪ್ಪು. 2024ರಲ್ಲಿ 720ಕ್ಕೆ 720 ತೆಗೆದವರೇ ಎಷ್ಟೊಂದು ಜನ ಇದ್ದರು. ಈ ಸಲ ದೇಶಕ್ಕೇ ಮೊದಲು ಬಂದವನಿಗೆ 686. ಜನರಲ್‌ನವರು ಕ್ವಾಲಿಫೈ ಆಗೋಕೆ ಬೇಕಾದ ಕಟಾಫ್ 162 ಇದ್ದದ್ದು 144ಕ್ಕೆ ಇಳಿಯಿತು. ಫಿಸಿಕ್ಸ್ ಪೇಪರ್ ಹೇಗಿತ್ತು ಅಂತ ನಿನಗೇ ಗೊತ್ತಲ್ಲ. ಎರಡು ವರ್ಷದ ರ‍್ಯಾಂಕ್ ಕಾರ್ಡ್ ಅಕ್ಕಪಕ್ಕ ಇಟ್ಟು ಮಾರ್ಕ್ಸ್ ಮೇಲೆ ಕೈ ಮುಚ್ಚಿಕೊಂಡು ನೋಡು. ಬೇಕಿದ್ದರೆ ಚಿಕ್ಕಪ್ಪನಿಗೂ ತೋರಿಸು.

ಆಮೇಲೆ ನಿನ್ನ ಓಎಂಆರ್ (ಶೇಡ್ ಮಾಡಿದ ಉತ್ತರ ಪತ್ರಿಕೆ) ಕಾಪಿ ಮತ್ತು ಕೀ ಆನ್ಸರ್ ತೆಗೆದು ಸಬ್ಜೆಕ್ಟ್‌ವಾರು ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ಬಿಟ್ಟಿದ್ದೀ ಅಂತ ಹಾಕು. ಅದು ನೋಡದೆ ಬರಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ.

ವಾರ್ಡ್ ನಂಬರ್ ಆರು:

ಏಜೆಂಟ್ ನಂಬರ್ ಬ್ಲಾಕ್ ಮಾಡಿ ಮೇಡಂ. ಕ್ವಾಲಿಫೈ ಆದವರಿಗೆಲ್ಲ ಹೀಗೇ ಫೋನ್ ಬರುತ್ತೆ. ಹೊರದೇಶದಲ್ಲಿ ಓದಿ ಬಂದ ಮೇಲೆ ಇಲ್ಲಿ ಡಾಕ್ಟರ್ ಆಗೋಕೆ ಎಫ್ಎಂಜಿಇ ಅನ್ನೋ ಪರೀಕ್ಷೆ ಬರೆದು 300ಕ್ಕೆ 150 ತೆಗೆಯಬೇಕು. ಅದನ್ನು ಅವನು ಹೇಳಿದನಾ? ನಾನು ಎರಡು ಸಲ ನೀಟ್ ಬರೆದು ಬಿಎಸ್ಸಿ ನರ್ಸಿಂಗ್ ಸೇರಿದೆ. ಬೇಜಾರಿಲ್ಲ. ಆದರೆ ಮೊದಲ ವರ್ಷ ಮೆಡಿಕಲ್ ಹುಡುಗರ ಬಿಳಿ ಕೋಟ್ ಕಂಡಾಗೆಲ್ಲ ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ.

ಹೊಸದುರ್ಗದ ಹುಡುಗಿ:

ಅಕ್ಕ, ರ‍್ಯಾಂಕ್ ನೋಡಿದೆ. ಸುಮಾರು ಒಂದು ಲಕ್ಷ ಮುಂದೆ ಬಂದಿದೆ! ಮಾರ್ಕ್ಸ್ ನೋಡಿದವಳೇ ಫೋನ್ ಪಕ್ಕಕ್ಕೆಸೆದಿದ್ದೆ, ಇದನ್ನು ಓದೇ ಇರಲಿಲ್ಲ.

ಲೆಕ್ಕ ಹೀಗಿದೆ. ಫಿಸಿಕ್ಸ್: 11 ಸರಿ, 27 ತಪ್ಪು, 7 ಬಿಟ್ಟಿದ್ದು. ಕೆಮಿಸ್ಟ್ರಿ: 24 ಸರಿ, 16 ತಪ್ಪು, 5 ಬಿಟ್ಟಿದ್ದು. ಬಯಾಲಜಿ: 64 ಸರಿ, 22 ತಪ್ಪು, 4 ಬಿಟ್ಟಿದ್ದು. ಫಿಸಿಕ್ಸ್‌ನಲ್ಲಿ ಸರಿಗೆ ನಾಲ್ಕು ಕೂಡಿ, ತಪ್ಪಿಗೆ ಒಂದು ಕಳೆದರೆ ಸಿಕ್ಕಿದ್ದು ಬರೀ 17. ಎಲ್ಲರೂ ಮೊದಲು ಫಿಸಿಕ್ಸ್ ಸರಿಮಾಡಿಕೋ ಅಂತಿದ್ದಾರೆ.

ನೈಟ್ ಡ್ಯೂಟಿ:

ಎಲ್ಲರೂ ಹೇಳ್ತಾರೆ. ನಾನು ಬೇರೆ ಹೇಳ್ತೀನಿ.

38 ಬರೆದು 11 ಸರಿ ಅಂದರೆ, ಕಣ್ಣು ಮುಚ್ಚಿ ಶೇಡ್ ಮಾಡಿದ್ದರೂ ನಾಲ್ಕಕ್ಕೊಂದರಂತೆ ಒಂಬತ್ತೋ ಹತ್ತೋ ಸರಿ ಬೀಳ್ತಿತ್ತು. ನೀನು ಒದ್ದಾಡಿ ಲೆಕ್ಕ ಮಾಡಿದ್ದಕ್ಕೆ ಸಿಕ್ಕಿದ್ದು ಒಂದೆರಡು ಉತ್ತರ ಜಾಸ್ತಿ. ನನಗೆ ಚಿಂತೆ ಇರುವುದು ಬಯಾಲಜಿಯ 22 ತಪ್ಪು. ಅಲ್ಲಿ ಒಂದೊಂದು ತಪ್ಪಿಗೂ ಐದು ಮಾರ್ಕ್ಸ್ ಹೋಯಿತು. ಬರಬೇಕಾದ ನಾಲ್ಕು, ಕೈಯಿಂದ ಇನ್ನೊಂದು. ಒಟ್ಟು 110. ಎನ್‌ಸಿಇಆರ್‌ಟಿ ಪುಸ್ತಕ ಓದಿಕೊಂಡವಳಿಗೆ ಅಷ್ಟು ತಪ್ಪಾಗಬಾರದು.

ನಿಜ ಹೇಳು, ಯಾವುದನ್ನು ಮೊದಲು ಬರೆದೆ?

ಹೊಸದುರ್ಗದ ಹುಡುಗಿ:

ಫಿಸಿಕ್ಸ್. ಕಷ್ಟದ್ದು ಮೊದಲು ಮುಗಿಸಿಬಿಡೋಣ ಅಂತ. ತಲೆ ಎತ್ತಿ ಗಡಿಯಾರ ನೋಡುವಾಗ 80 ನಿಮಿಷ ಆಗಿತ್ತು. ಬಯಾಲಜಿಗೆ ಉಳಿದದ್ದು 50 ನಿಮಿಷ, 90 ಪ್ರಶ್ನೆ. ಕೊನೆಗೆ ಪ್ರಶ್ನೆ ಅರ್ಧ ಓದಿ ಶೇಡ್ ಮಾಡಿದೆ.

ನೈಟ್ ಡ್ಯೂಟಿ:

ಅಯ್ಯೋ ಮಾರಾಯ್ತಿ! ಈಗ ಗೊತ್ತಾಯ್ತು. ನಾನೂ 2018ರಲ್ಲಿ ಇದೇ ಮಾಡಿದ್ದೆ.

ಬಯಾಲಜಿ ಮೊದಲು ಹಿಡಿ, 50 ನಿಮಿಷದಲ್ಲೇ ಮುಗಿಸೋದು ರೂಢಿ ಮಾಡಿಕೋ, ಆದರೆ ತಲೆ ತಣ್ಣಗಿರುವಾಗ. ಆಮೇಲೆ ಕೆಮಿಸ್ಟ್ರಿ. ಫಿಸಿಕ್ಸ್ ಪೂರ್ತಿ ಕಲೀತೀನಿ ಅನ್ನೋ ಹಟ ಬೇಡ. ಕರೆಂಟ್ ಎಲೆಕ್ಟ್ರಿಸಿಟಿ, ಸೆಮಿಕಂಡಕ್ಟರ್, ಮಾಡರ್ನ್ ಫಿಸಿಕ್ಸ್, ಥರ್ಮೊಡೈನಾಮಿಕ್ಸ್, ಹೀಗೆ ಏಳೆಂಟು ಪಾಠ ಗಟ್ಟಿ ಮಾಡಿಕೋ. ಈ 22 ತಪ್ಪನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು, ಪ್ರತಿಯೊಂದರ ಪಕ್ಕ ಉತ್ತರ ಇರುವ ಪುಟದ ನಂಬರ್ ಹಾಕು. ಪುಟ ಗೊತ್ತಿದ್ದೂ ತಪ್ಪಾಗಿದ್ದು ಎಷ್ಟು, ಓದೇ ಇಲ್ಲದ್ದು ಎಷ್ಟು ಅಂತ ಎಣಿಸು. ಓದೇ ಇಲ್ಲದ್ದೇ ಜಾಸ್ತಿ ಅಂದ್ರೆ ಮನೆಯಲ್ಲಿ ಒಬ್ಬಳೇ ಕೂತು ಓದೋದು ಕಷ್ಟ, ಆಗ ನರ್ಸಿಂಗ್, ಬಿಎಎಂಎಸ್ (ಆಯುರ್ವೇದ) ಕೂಡ ಯೋಚಿಸು.

ಹಳೇ ಮೇಷ್ಟ್ರು:

ಮಗೂ, ಒಂದು ವಿಷಯ ಯಾರೂ ಕೇಳಲಿಲ್ಲ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟ್ ಹಂಚಿಕೆಯ ಅರ್ಜಿಯಲ್ಲಿ ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ಮೀಸಲಾತಿ ಕೇಳಿದ್ದೀಯಾ? ಅರ್ಜಿ ತುಂಬುವಾಗಲೇ ಕೇಳಬೇಕು.

ಹೊಸದುರ್ಗದ ಹುಡುಗಿ:

ಇಲ್ಲ ಸರ್. ಸೈಬರ್ ಸೆಂಟರ್‌ನವರು ತುಂಬಿದ್ದು. ಜಾತಿ ಮೀಸಲಾತಿಗೆ 3ಬಿ ಅಂತ ಮಾತ್ರ ಹಾಕಿದ್ದಾರೆ. ಏಳನೇ ಕ್ಲಾಸ್‌ವರೆಗೆ ಊರಿನ ಶಾಲೆ, ಎಂಟರಿಂದ ಬಸ್‌ನಲ್ಲಿ ಹೊಸದುರ್ಗಕ್ಕೆ ಹೋಗ್ತಿದ್ದೆ.

ಹಳೇ ಮೇಷ್ಟ್ರು:

ಹಾಗಾದರೆ ಗ್ರಾಮೀಣ ಸಿಗಲ್ಲ, ಅದಕ್ಕೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮಕ್ಕೆ ತೊಂದರೆಯಿಲ್ಲ. ಎರಡೂ ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ ಬರೆಸಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ ಇಟ್ಟುಕೋ. ಬರೆಯುವುದೇ ಆದರೆ ಮುಂದಿನ ಸಲ ಅರ್ಜಿ ನೀನೇ ಕೂತು ತುಂಬು.

ಹೊಸದುರ್ಗದ ಹುಡುಗಿ:

ಎಣಿಸಿದೆ ಅಕ್ಕ. 22ರಲ್ಲಿ 15ರ ಪುಟ ಗೊತ್ತಿತ್ತು. ಒಂದಂತೂ ನಾನೇ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ ಸಾಲು. ಅಪ್ಪನಿಗೆ ಇನ್ನೂ ಹೇಳಿಲ್ಲ, ತೋಟದಲ್ಲಿ ಕಾಯಿ ಕೀಳಿಸ್ತಿದ್ದಾರೆ. ಸಂಜೆ ಎರಡೂ ರ‍್ಯಾಂಕ್ ಕಾರ್ಡ್ ತೋರಿಸ್ತೀನಿ. ಸೋಮವಾರ ಊರಿನ ಶಾಲೆಗೆ ಹೋಗಬೇಕು. ನಾನು ಓದುವಾಗ ಇದ್ದ ಹೆಡ್‌ಮಾಸ್ಟರ್ ಈಗಿಲ್ಲವಂತೆ, ರಿಜಿಸ್ಟರ್ ಸಿಕ್ಕಿದರೆ ಸಾಕು.