ಸಿನಿಮಾದಲ್ಲಿ ಕಣ್ಣು ಕಾಣದವರು ಯಾಕೆ ಎಲ್ಲರ ಮುಖ ಮುಟ್ಟುತ್ತಾರೆ?

ಬಿಳಿಕೋಲು, ಮೈಸೂರು:
ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹೋದ ಭಾನುವಾರ ಅಕ್ಕನ ಮನೆಯ ಟಿವಿಯಲ್ಲಿ ಒಂದು ಹಳೆಯ ಸಿನಿಮಾ ಬರುತ್ತಿತ್ತು. ಮಾತಿಲ್ಲದ ಕಡೆಯೆಲ್ಲ ಅಕ್ಕ ಹೇಳುತ್ತಾಳೆ: "ಈಗ ಹುಡುಗಿ ಅವನ ಮುಖ ಸವರಿ ನೋಡ್ತಿದ್ದಾಳೆ." 34 ವರ್ಷದಲ್ಲಿ ನಾನು ಹಾಗೆ ಯಾರ ಮುಖವನ್ನೂ ಸವರಿಲ್ಲ. ಧ್ವನಿ ಸಾಕು. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿನಲ್ಲೇ ಬಂದದ್ದು ಅಕ್ಕನೋ ಭಾವನೋ ಗೊತ್ತಾಗುತ್ತದೆ.

ಸಿನಿಮಾದ ಕೊನೆಗೆ ಆ ಹುಡುಗಿಗೆ ಆಪರೇಷನ್ ಆಯ್ತು, ಪಟ್ಟಿ ಬಿಚ್ಚಿದರು, ಕಣ್ಣು ಬಂತು. ಅಕ್ಕನ ಮಗನಿಗೆ ಆರು ವರ್ಷ. "ಚಿಕ್ಕಮ್ಮ, ನಿಂಗ್ಯಾವಾಗ ಆಪರೇಷನ್?" ಅಂದ. ನನ್ನದು ಇನ್ನೂ ಮುಗಿಯದ ಕತೆ ಅಂತ ಮಗುವಿಗೆ ಅನ್ನಿಸಿಬಿಟ್ಟಿತಲ್ಲ, ಅದೇ ಬೇಜಾರು. ಕಣ್ಣು ಬರದೆಯೂ ಚೆನ್ನಾಗಿ ಮುಗಿಯುವ ಸಿನಿಮಾ ಇದ್ದರೆ ಹೇಳಿ.

ಹಳೇ ರೀಲು:
ಸಾಯಿ ಪರಾಂಜಪೆ ಅವರ 'ಸ್ಪರ್ಶ್' ಕೇಳಿ ನೋಡಿ. ಹಿಂದಿ, 1980. ನಾಸಿರುದ್ದೀನ್ ಶಾ ಅಂಧ ಮಕ್ಕಳ ಶಾಲೆಯ ಪ್ರಿನ್ಸಿಪಾಲ್. ದೆಹಲಿಯ ನಿಜವಾದ ಶಾಲೆಯಲ್ಲೇ ಚಿತ್ರೀಕರಣ. ಅಲ್ಲಿನ ಮಕ್ಕಳೇ ನಟಿಸಿದ್ದಾರೆ. ಯಾರಾದರೂ ಅಯ್ಯೋ ಪಾಪ ಅಂದರೆ ಆ ಮನುಷ್ಯನಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಪ್ರೀತಿಸುವವಳನ್ನೂ ನೋಯಿಸುತ್ತಾನೆ. ದೇವರಂಥವನಲ್ಲ, ಅದಕ್ಕೇ ನನಗೆ ಇಷ್ಟ.

ತುಮಕೂರು ಮೇಷ್ಟ್ರು:
ನಮ್ಮ ಕಾಮಿಡಿ ದೃಶ್ಯಗಳದ್ದೂ ಇದೇ ಕತೆ ಅಲ್ವಾ? ತೊದಲುವವನು, ಕುಂಟುವವನು ಬಂದರೆ ನಗಬೇಕು ಅಂತಲೇ ಲೆಕ್ಕ. ನಮ್ಮ ಶಾಲೆಯ ಮಕ್ಕಳು ಅದನ್ನೇ ಮೈದಾನದಲ್ಲಿ ಆಡಿ ತೋರಿಸುತ್ತಾರೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಹೇಳಿದೆ. ಅಂಗವಿಕಲರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅವರನ್ನು ಕೀಳು ಮಾಡುವ ಹಾಸ್ಯ ಬೇರೆ ಅಂತ. ತರಗತಿಯಲ್ಲಿ ಓದಿ ಹೇಳಿದೆ. ಒಬ್ಬ ಹುಡುಗ ಎದ್ದು, "ಸಾರ್, ನಮ್ಮಣ್ಣ ತೊದಲುತ್ತಾನೆ" ಅಂದ. ಯಾರೂ ನಗಲಿಲ್ಲ.

ಬಿಳಿಕೋಲು, ಮೈಸೂರು:
'ಸ್ಪರ್ಶ್' ಅರ್ಧ ಕೇಳಿದೆ. ಆ ಸಿಟ್ಟು ನನ್ನದೇ. ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತೂ ಕೇಳದೆ ರಟ್ಟೆ ಹಿಡಿದು ರಸ್ತೆ ದಾಟಿಸುತ್ತಾರೆ. ನಾನು ಹೋಗಬೇಕಾಗಿದ್ದು ಆ ಕಡೆಗಲ್ಲ!

ಮಾತಿಲ್ಲದ ಕಡೆ ನಡೆಯುವುದನ್ನು ವಿವರಿಸುವ ಧ್ವನಿ ಈ ಸಿನಿಮಾದಲ್ಲಿ ಇಲ್ಲ, ಅಕ್ಕನೇ ಬೇಕು. 2023ರಲ್ಲಿ ದೆಹಲಿ ಹೈಕೋರ್ಟ್ 'ಪಠಾಣ್' ಒಟಿಟಿಗೆ ಬರುವಾಗ ಅಂಥ ಧ್ವನಿ ಸೇರಿಸಲು ಹೇಳಿತ್ತು. ಹಳೆಯ ಸಿನಿಮಾಗಳಿಗೂ ಅದು ಬರಲಿ.

ಮಗುವಿಗೆ ಹೇಳಿದ್ದೇನೆ: "ನಂಗೆ ಆಪರೇಷನ್ ಇಲ್ಲ ಪುಟ್ಟ. ಶನಿವಾರ ಬಾ, ನನ್ನ ಫೋನ್ ಹೇಗೆ ಓದಿ ಹೇಳುತ್ತೆ ತೋರಿಸ್ತೀನಿ."